ಟೆಲಿಪ್ರಾಂಪ್ಟರ್ ಎತ್ತಿಡಿ, ವಿಜ್ಞಾನಿಯ ಕೈಗೆ ಕೆಲಸ ಕೊಡಿ

ನಿಮ್ಮ ಒಂಬತ್ತು ನಿಮಿಷದ ರಫ್ ಕಟ್ (ಮೊದಲ ಕಚ್ಚಾ ಎಡಿಟ್) ಪೂರ್ತಿ ನೋಡಿದೆ, ಅದೂ ಎರಡು ಸಲ. ಬಾವಲಿ ಸಂಶೋಧಕಿ ಪೋಸ್ಟರ್ ಮುಂದೆ ನಿಂತು ಟೆಲಿಪ್ರಾಂಪ್ಟರ್ ಪರದೆಯಲ್ಲಿ ಹರಿಯುವ ಸ್ಕ್ರಿಪ್ಟ್ ಓದುತ್ತಾರೆ. ಮೊದಲು ಲೋಗೊ, ಆಮೇಲೆ ಹುದ್ದೆ, ಆಮೇಲೆ ಹಿನ್ನೆಲೆ, ವಿಧಾನ, ಫಲಿತಾಂಶ. ಜನ ಎರಡನೇ ನಿಮಿಷಕ್ಕೇ ಬಿಟ್ಟುಹೋಗುತ್ತಿದ್ದಾರೆ, ಮ್ಯೂಸಿಕ್ ಬದಲಿಸಿದರೆ ಸರಿಹೋಗುತ್ತದಾ ಅಂತ ಕೇಳಿದ್ದೀರಿ. ಇಲ್ಲ, ಹೋಗುವುದಿಲ್ಲ. ಡ್ರೋನ್ ಶಾಟ್ ಸೇರಿಸಿ ಅಂದವರ ಮಾತನ್ನೂ ಕೇಳಬೇಡಿ. ಸಂಶೋಧನಾ ಪೇಪರ್ ಬರೆಯುವ ಕ್ರಮದಲ್ಲೇ ವಿಡಿಯೊ ಕಟ್ಟಿದ್ದೀರಿ, ತಪ್ಪಿರುವುದು ಅಲ್ಲಿ.

ನಾನೂ ಹೀಗೇ ಕಟ್ಟಿದ್ದೆ. ಇರುವೆಗಳ ಮೇಲೆ ಕೆಲಸ ಮಾಡುವ ಒಬ್ಬರು. ಸ್ಕ್ರಿಪ್ಟ್ ನಾನು ಬರೆದೆ, ಅವರು ತಿದ್ದಿದರು, ಒಂದೊಂದು ವಾಕ್ಯವೂ ಸರಿಯಾಗಿತ್ತು. ಓದುವಾಗ ಅವರ ಕಣ್ಣು ಎಡದಿಂದ ಬಲಕ್ಕೆ ಓಡುವುದು ಕಾಣುತ್ತಿತ್ತು. ಟೇಕ್ ಹೆಚ್ಚಿದಷ್ಟೂ ದನಿ ಒಣಗುತ್ತಾ ಹೋಯಿತು. ಪ್ಯಾಕಪ್ ಆಗಿ ನಾನು ಲೈಟ್ ಬಿಚ್ಚುತ್ತಿದ್ದಾಗ ಅವರು ಗೂಡಿನ ಪೆಟ್ಟಿಗೆ ತೆಗೆದು ಇರುವೆಗಳಿಗೆ ಗುರುತು ಹಾಕಲು ಕೂತರು. ಐಸ್ ಮೇಲಿಟ್ಟು ಮಂದವಾಗಿಸಿದ ಇರುವೆ, ಅದರ ಬೆನ್ನಿಗೆ ತೆಳು ಬ್ರಷ್‌ನಲ್ಲಿ ಒಂದು ಚುಕ್ಕೆ ಬಣ್ಣ. ಹಚ್ಚುತ್ತಲೇ ಹೇಳಿದರು: "ಮೊದಲ ವರ್ಷದ ಲೆಕ್ಕ ಪೂರ್ತಿ ಎಸೆದೆ. ಗೂಡಿನವರೇ ಇವಳ ಮೈ ಉಜ್ಜಿ ಉಜ್ಜಿ ಬಣ್ಣ ತೆಗೆದುಬಿಡ್ತಿದ್ರು. ನಾನು ಒಂದೇ ಇರುವೇನ ಎರಡೆರಡು ಸಲ ಎಣಿಸಿದ್ದೆ." ಕ್ಯಾಮೆರಾ ಬ್ಯಾಗಿನೊಳಗಿತ್ತು. ನಾನು ಹಾಕಿದ 11 ನಿಮಿಷದ ವಿಡಿಯೊದಲ್ಲಿ ಆ ಮಾತಿಲ್ಲ, ಆ ಬ್ರಷ್ ಇಲ್ಲ. ನೆನೆದರೆ ಈಗಲೂ ಸಂಕಟವಾಗುತ್ತದೆ.

ಅಂದಿನಿಂದ ನಾನು ಯಾರನ್ನೂ ಕುರ್ಚಿಯಲ್ಲಿ ಕೂರಿಸಿ ಮಾತಾಡಿಸಿಲ್ಲ. ದಿನಾ ಮಾಡುವ ಕೆಲಸವನ್ನೇ ಕೈಗೆ ಕೊಡುತ್ತೇನೆ: ಸೋಸುವುದು, ಎಣಿಸುವುದು, ಬಲೆ ಬಿಡಿಸುವುದು. ಕ್ಯಾಮೆರಾ ಕೈಯ ಮೇಲಿರುತ್ತದೆ, ಮುಖ ಆಮೇಲೆ. ಕೆಲಸ ಶುರುವಾಗಿ ಹತ್ತು ನಿಮಿಷ ಕಳೆಯುವವರೆಗೆ ಮುಖ್ಯ ಪ್ರಶ್ನೆ ಎತ್ತುವುದಿಲ್ಲ. ಆಮೇಲೆ ಕೇಳುವುದು ಎರಡೇ. ಯಾವ ದಿನ ನಿಮ್ಮ ಊಹೆ ತಪ್ಪು ಅಂತ ಗೊತ್ತಾಯಿತು? ಗೊತ್ತಾದಾಗ ಮೊದಲು ಏನು ಮಾಡಿದಿರಿ? ಕೇಳಿ ಸುಮ್ಮನಿರಿ. ಮೌನ ತುಂಬಲು ಹೋಗಿ "ಅಂದರೆ ಹೀಗಾ?" ಅಂತ ನೀವೇ ಉತ್ತರ ಕೊಟ್ಟರೆ ಅವರು ಹೌದು ಅಂದು ಮುಗಿಸುತ್ತಾರೆ. 1986ರಲ್ಲಿ ಚಾಲೆಂಜರ್ ಬಾಹ್ಯಾಕಾಶ ನೌಕೆ ದುರಂತದ ವಿಚಾರಣೆಯಲ್ಲಿ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್, ರಾಕೆಟ್ಟಿನ ಕೀಲು ಮುಚ್ಚುವ ಒ-ರಿಂಗ್ ರಬ್ಬರನ್ನು ಕ್ಲ್ಯಾಂಪಿನಲ್ಲಿ ಬಿಗಿದು ಐಸ್ ನೀರಿನಲ್ಲಿ ಅದ್ದಿದ್ದು, ತೆಗೆದು ಬಿಚ್ಚಿದಾಗ ಅದು ಕೂಡಲೇ ಮೊದಲಿನ ಆಕಾರಕ್ಕೆ ಮರಳದಿದ್ದದ್ದು ಜನರಿಗೆ ಇನ್ನೂ ನೆನಪಿದೆ. ಆ ತನಿಖಾ ವರದಿಯ ಪುಟಗಳನ್ನು ಎಷ್ಟು ಜನ ಓದಿರುತ್ತಾರೆ?

ಹಾಗಂತ ಕೈಗೆ ಏನಾದರೂ ಕೊಟ್ಟರೆ ನಡೆಯುತ್ತದೆ ಅಂದುಕೊಳ್ಳಬೇಡಿ. ಸುಮ್ಮನೆ ಪಿಪೆಟ್‌ನಲ್ಲಿ ಬಣ್ಣದ ನೀರು ಆಡಿಸುವ ಶಾಟ್ ಸುಳ್ಳು, ಆ ಕ್ಷೇತ್ರದವರಿಗೆ ಕೂಡಲೇ ಗೊತ್ತಾಗುತ್ತದೆ. ಬರಿಗೈಯಲ್ಲಿ ಬಾವಲಿ ಹಿಡಿದ ಶಾಟ್ ಖಂಡಿತ ಬೇಡ. ಬಾವಲಿ ಕಚ್ಚಿದರೆ ರೇಬೀಸ್ ಬರಬಹುದು, ನೋಡಿದ ಹುಡುಗರು ಅದನ್ನೇ ಮಾಡುತ್ತಾರೆ. ಮತ್ತೆ, ಸೋತ ಕಥೆ ಅವರದ್ದು, ನಿಮ್ಮದಲ್ಲ. ಮಾತನ್ನೆಲ್ಲ ಬರಹಕ್ಕಿಳಿಸಿ, ಎಡಿಟ್ ಕೂರುವ ಮುನ್ನ ತೋರಿಸಿ ಒಪ್ಪಿಗೆ ಪಡೆಯಿರಿ. ತಥ್ಯ ತಿದ್ದಲಿ, ಆದರೆ ಆಡುಮಾತನ್ನು ಪೇಪರ್ ಭಾಷೆಗೆ ತಿರುಗಿಸಲು ಬಿಡಬೇಡಿ. ಪೇಪರ್ ಇನ್ನೂ ಪ್ರಕಟವಾಗಿಲ್ಲ ಅಂದರೆ ಜರ್ನಲ್‌ನ ಎಂಬಾರ್ಗೊ (ಇಂಥ ದಿನದವರೆಗೆ ಹೊರಗೆ ಹೇಳಬಾರದು ಅನ್ನುವ ತಡೆ) ಯಾವಾಗ ಮುಗಿಯುತ್ತದೆ ಅಂತ ಕೇಳದೆ ಟ್ರೈಲರ್ ಕೂಡ ಹಾಕಬೇಡಿ.

ನಿಮ್ಮ ಸಬ್‌ಟೈಟಲ್ ಬಗ್ಗೆ ಸ್ವಲ್ಪ ಗಟ್ಟಿಯಾಗೇ ಹೇಳಬೇಕು. ಸ್ಯಾಂಪಲ್‌ಗೂ "ಮಾದರಿ", ಕಂಪ್ಯೂಟರ್ ಮಾಡೆಲ್‌ಗೂ "ಮಾದರಿ" ಅಂತ ಹಾಕಿದ್ದೀರಿ. "ಮಾದರಿಯಲ್ಲಿ ವೈರಸ್ ಸಿಕ್ಕಿತು" ಅಂದರೆ ನೋಡುವವರು ಏನಂತ ತಿಳಿಯಬೇಕು? ಒಂದಕ್ಕೆ ಸ್ಯಾಂಪಲ್ ಅಂತಲೇ ಬಿಡಿ. ಅಂಕಿಅಂಶದ ಸಿಗ್ನಿಫಿಕೆಂಟ್ ಅನ್ನು "ಗಮನಾರ್ಹ" ಅಂದರೆ ಜನ ದೊಡ್ಡ ವ್ಯತ್ಯಾಸ ಅಂದುಕೊಳ್ಳುತ್ತಾರೆ. "ಬರೀ ಆಕಸ್ಮಿಕ ಅನ್ನುವುದು ಕಷ್ಟ" ಅಂತ ಹಾಕಿ.

ಸದ್ದು: ನಿಮ್ಮ ಮೈಕ್ ಕ್ಯಾಮೆರಾ ಮೇಲಿದೆ, ಕೇಳಿದರೇ ಗೊತ್ತಾಗುತ್ತದೆ. ಕಾಲರ್ ಮೈಕ್ ಹಾಕಿ, ಗಲ್ಲದಿಂದ ಒಂದು ಗೇಣು ಕೆಳಗೆ. ಬೋಯಾ ಕಂಪನಿಯ ತಂತಿ ಮೈಕ್ ಬಿವೈ-ಎಂ1 ಸಾಕು, ವೈರ್‌ಲೆಸ್ ಆಸೆ ಆಮೇಲೆ. ಅದರ ಸ್ವಿಚ್ ಫೋನಿಗಿದೆಯಾ ಕ್ಯಾಮೆರಾಗಿದೆಯಾ ನೋಡಿಕೊಳ್ಳಿ. ಲ್ಯಾಬಿನಲ್ಲಿ ಗುಂಯ್‌ಗುಡುತ್ತದೆ ಅಂತ ಮೈನಸ್ 80 ಡಿಗ್ರಿ ಫ್ರೀಜರ್ ಪ್ಲಗ್ ಮಾತ್ರ ಮುಟ್ಟಬೇಡಿ, ವರ್ಷಗಳ ಸ್ಯಾಂಪಲ್ ಅದರೊಳಗಿರುತ್ತವೆ. ಪಕ್ಕದ ಕೋಣೆಗೆ ಹೋಗಿ. ಫೋನಿನ ಫೂಟೇಜ್‌ನಲ್ಲಿ ತುಟಿಗೂ ಮಾತಿಗೂ ತಾಳ ತಪ್ಪಿರುವುದು ಫ್ರೇಮ್ ರೇಟ್ (ಸೆಕೆಂಡಿಗೆ ಎಷ್ಟು ಚಿತ್ರ ಅನ್ನುವ ಲೆಕ್ಕ) ಏರಿಳಿಯುವುದರಿಂದ ಇರಬೇಕು. ಹ್ಯಾಂಡ್‌ಬ್ರೇಕ್ ಅನ್ನುವ ಉಚಿತ ವಿಡಿಯೊ ಸಾಫ್ಟ್‌ವೇರ್‌ನಲ್ಲಿ ಅದನ್ನು ಕಾನ್‌ಸ್ಟೆಂಟ್ (ಏರಿಳಿಯದಂತೆ) ಮಾಡಿಕೊಂಡು ಆಮೇಲೆ ಟೈಮ್‌ಲೈನ್‌ಗೆ ಹಾಕಿ. ಎಡಿಟಿಂಗ್‌ಗೆ ಡಾವಿಂಚಿ ರಿಸಾಲ್ವ್ ಉಚಿತ ಆವೃತ್ತಿಯೇ ಧಾರಾಳ.

ಇನ್ನೊಂದು. ಬಾವಲಿಯ ವಿಡಿಯೊದಲ್ಲಿ ಬಾವಲಿಯ ಕೂಗೇ ಇಲ್ಲವಲ್ಲ! ಅವುಗಳ ಕೂಗು ಬಹುಪಾಲು ನಮ್ಮ ಕಿವಿಗೆ ಕೇಳದಷ್ಟು ಎತ್ತರದ ಸದ್ದು. ಮಾಮೂಲಿ 48 ಕಿಲೋಹರ್ಟ್ಸ್ ರೆಕಾರ್ಡಿಂಗ್‌ನಲ್ಲಿ (ಸೆಕೆಂಡಿಗೆ 48 ಸಾವಿರ ಸಲ ಸದ್ದನ್ನು ಅಳೆಯುವುದು) ಅದರ ಅರ್ಧ, ಅಂದರೆ 24 ಕಿಲೋಹರ್ಟ್ಸ್ ಮೇಲಿನ ಸದ್ದು ದಾಖಲಾಗುವುದೇ ಇಲ್ಲ. ಅವರ ಹತ್ತಿರ ಆಡಿಯೊಮಾತ್ ಥರದ ರೆಕಾರ್ಡರ್ ಇದ್ದೇ ಇರುತ್ತದೆ, ಅದರಲ್ಲಿ ಆ 48ರ ಬದಲು 384ರವರೆಗೂ ಹೋಗಬಹುದು. ಆ ಫೈಲ್ ಕೇಳಿ ಪಡೆದು ಹತ್ತು ಪಟ್ಟು ನಿಧಾನಿಸಿ. 40 ಕಿಲೋಹರ್ಟ್ಸ್ ಕೂಗು 4ಕ್ಕೆ ಇಳಿದು ಕಿವಿಗೆ ಸ್ಪಷ್ಟವಾಗಿ ಕೇಳುತ್ತದೆ. ನಿಧಾನಿಸಿದ್ದು ಅಂತ ಪರದೆ ಮೇಲೆ ಬರೆಯಿರಿ.

ನಿಮ್ಮ ಕಟ್‌ನ ಆರನೇ ನಿಮಿಷದ ಕೊನೆಯಲ್ಲಿ ಅವರು ಓದುವುದು ಬಿಟ್ಟು, ಪಕ್ಕಕ್ಕೆ ತಿರುಗಿ, "ಆ ರಾತ್ರಿ ರೆಕಾರ್ಡರ್ ಕೆಟ್ಟಿದೆ ಅಂತ್ಲೇ ಅಂದ್ಕೊಂಡೆ" ಅಂತಾರಲ್ಲ, ಅಲ್ಲಿಂದ ಶುರುಮಾಡಿ. ಲೋಗೊ ಕೊನೆಗೆ. ಹೊಸ ಕಟ್ ಇಲ್ಲೇ ಹಾಕಿ, ನೋಡುತ್ತೇನೆ.