ಹೋಟೆಲಿನಲ್ಲಿ ಕೇಳಿದಾಗಲೆಲ್ಲ ‘ಐದು ನಿಮಿಷ’ ಎಂದರೆ ಎಷ್ಟು ಹೊತ್ತು ಕಾಯಬೇಕು?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಮನೆಮಂದಿಯೊಡನೆ ಮೈಸೂರಿಗೆ ಬಂದವರು ಒಂದು ಸಾಧಾರಣ ಹೋಟೆಲಿಗೆ ಹೋಗಿ, ತಿಂಡಿ ಹೇಳಿ, ಮುಕ್ಕಾಲು ಗಂಟೆ ಕಾದಿದ್ದೀರಿ. ಕೇಳಿದಾಗಲೆಲ್ಲ ‘ಇನ್ನು ಐದು ನಿಮಿಷ’ ಎಂದಿದ್ದಾರೆ. ಹೀಗಾದಾಗ ಎದ್ದು ಬರುವುದು ತಪ್ಪೇ, ದೂರು ಕೊಡಲು ದಾರಿಯುಂಟೇ, ಅಥವಾ ಪ್ರವಾಸಿಗರು ತುಂಬಿರುವ ಊರಿನಲ್ಲಿ ಇದನ್ನೆಲ್ಲ ಸಹಿಸಿಕೊಳ್ಳಬೇಕೇ ಎಂದು ಕೇಳಿದ್ದೀರಿ. ನಾನು ಇದೇ ಊರಿನವನು. ನನಗೂ ಹೀಗೆಯೇ ಆಗಿದೆ. ಆ ದಿನ ಅದು ಬರೀ ಬೇಸರದಲ್ಲಿ ಮುಗಿಯದೆ ಭಯದವರೆಗೂ ಹೋದದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಅದು ಒಂದು ಭಾನುವಾರ. ಮಂಡ್ಯದಿಂದ ಅಕ್ಕ, ಭಾವ ಮತ್ತು ಅವರ ಮಗಳು ಬಂದಿದ್ದರು. ಅಪ್ಪನನ್ನೂ ಕರೆದುಕೊಂಡು ಬೆಳಿಗ್ಗೆ ಬೇಗನೆ ಚಾಮುಂಡಿ ಬೆಟ್ಟಕ್ಕೆ ಹೋಗಿ, ದರ್ಶನ ಮುಗಿಸಿ ಕೆಳಗಿಳಿದಾಗ ಒಂಬತ್ತು ಗಂಟೆಯಾಗಿತ್ತು. ಮನೆಗೆ ಹೋಗಿ ಅಡುಗೆ ಮಾಡುವ ಬದಲು ದಾರಿಯಲ್ಲೇ ತಿಂಡಿ ಮುಗಿಸೋಣವೆಂದು, ಹೊಸದಾಗಿ ಚೆಂದ ಮಾಡಿಸಿದ್ದ ಒಂದು ಹೋಟೆಲಿಗೆ ಹೋದೆವು. ಅದರ ಹೆಸರು ಇಲ್ಲಿ ಬೇಡ. ಹೋದ ಕೂಡಲೆ ಜಾಗ ಸಿಕ್ಕಿತು. ಒಂಬತ್ತು ಹತ್ತಕ್ಕೆ ಎರಡು ಮಸಾಲೆ ದೋಸೆ, ಎರಡು ಸೆಟ್ ದೋಸೆ, ಅಪ್ಪನಿಗೆ ಒಂದು ಪ್ಲೇಟ್ ಇಡ್ಲಿ, ಕೊನೆಗೆ ಐದು ಕಾಫಿ ಎಂದು ಹೇಳಿದೆವು. ಸಪ್ಲೈಯರ್ ಹುಡುಗ ಚೀಟಿಯಲ್ಲಿ ಬರೆದುಕೊಂಡು ಹೋದ.

ಅಪ್ಪನಿಗೆ ಎಪ್ಪತ್ತನಾಲ್ಕು ವರ್ಷ, ಸಕ್ಕರೆ ಕಾಯಿಲೆಯಿದೆ. ಅವರು ತೆಗೆದುಕೊಳ್ಳುವ ಗ್ಲಿಮೆಪಿರೈಡ್ ಮಾತ್ರೆಯನ್ನು ತಿಂಡಿಗೆ ಸ್ವಲ್ಪ ಮುಂಚೆ ನುಂಗಬೇಕೆಂದು ಡಾಕ್ಟರು ಹೇಳಿದ್ದಾರೆ. ಹೇಳಿದ್ದು ಇಡ್ಲಿ, ಹೋಟೆಲಿನಲ್ಲಿ ಬೆಳಗಿನ ಹೊತ್ತು ಇಡ್ಲಿಗಿಂತ ಬೇಗ ಬರುವ ತಿಂಡಿ ಇನ್ನೊಂದಿಲ್ಲ ಎಂಬ ನಂಬಿಕೆಯಿಂದ ಅವರು ನೀರು ಬಂದ ಕೂಡಲೆ ಮಾತ್ರೆ ನುಂಗಿಬಿಟ್ಟರು. ನಾನೂ ತಡೆಯಲಿಲ್ಲ. ಆ ಮಾತ್ರೆ ದೇಹದಲ್ಲಿ ಇನ್ಸುಲಿನ್ ಹೆಚ್ಚಿಸುತ್ತದೆ. ಅದರ ಬೆನ್ನಿಗೇ ಹೊಟ್ಟೆಗೆ ಏನಾದರೂ ಬೀಳದಿದ್ದರೆ ರಕ್ತದ ಸಕ್ಕರೆ ಇಳಿಯತೊಡಗುತ್ತದೆ.

ಒಂಬತ್ತೂವರೆಗೆ ಮೊದಲ ಸಲ ಕೇಳಿದೆ. ‘ಐದು ನಿಮಿಷ ಸಾರ್’ ಎಂದ. ಹತ್ತು ನಿಮಿಷ ಬಿಟ್ಟು ಕೇಳಿದಾಗಲೂ ಅದೇ ಮಾತು, ಅದೇ ದನಿ. ಆಹಾರ ತಲುಪಿಸುವ ಆ್ಯಪ್‌ಗಳ ಹುಡುಗರು ಅಷ್ಟರಲ್ಲಿ ಬೆನ್ನಿಗೆ ಚೌಕದ ಚೀಲ ಹಾಕಿಕೊಂಡು ಒಬ್ಬರ ಹಿಂದೊಬ್ಬರು ಬರುತ್ತಿದ್ದರು. ಕೌಂಟರಿನ ಮೇಲೆ ಪಾರ್ಸಲ್ ಪೊಟ್ಟಣಗಳು ಸಾಲಾಗಿ ಕೂರುತ್ತಿದ್ದವು, ಮರುಕ್ಷಣ ಖಾಲಿಯಾಗುತ್ತಿದ್ದವು. ನಮ್ಮ ನಂತರ ಬಂದು ಪಕ್ಕದಲ್ಲಿ ಕುಳಿತ ಇಬ್ಬರಿಗೆ ದೋಸೆ ಬಂದಿತು. ಅಕ್ಕನ ಮಗಳು ಅವರ ತಟ್ಟೆಯನ್ನು ನೋಡಿ ನನ್ನನ್ನು ನೋಡಿದಳು.

ಹತ್ತು ಗಂಟೆಗೆ ಐದು ನಿಮಿಷವಿದ್ದಾಗ ಅಪ್ಪ ಮಾತು ನಿಲ್ಲಿಸಿದರು. ಅವರು ಯಾವಾಗಲೂ ಮಾತನಾಡುವವರು, ಬೆಟ್ಟದಲ್ಲಿ ಕಂಡ ಹಳೆಯ ಪರಿಚಯದವರ ಸುದ್ದಿಯನ್ನು ಭಾವನಿಗೆ ಹೇಳುತ್ತಿದ್ದವರು, ವಾಕ್ಯದ ನಡುವೆಯೇ ಸುಮ್ಮನಾದರು. ಹಣೆಯ ಮೇಲೆ ಬೆವರು ಹನಿಹನಿಯಾಗಿ ಕೂತಿತ್ತು, ಫ್ಯಾನು ತಲೆಯ ಮೇಲೆಯೇ ತಿರುಗುತ್ತಿದ್ದರೂ ಅಂಗಿಯ ಕಾಲರು ಒದ್ದೆಯಾಗಿತ್ತು. ನೀರಿನ ಲೋಟ ಎತ್ತಲು ಹೋದ ಕೈ ನಡುಗಿ ಲೋಟ ಮೇಜಿಗೆ ಟಕಟಕ ಬಡಿಯಿತು. ಅಕ್ಕ ಅವರ ಕೈ ಹಿಡಿದು, ‘ತಣ್ಣಗಾಗಿದೆ ಕಣೋ’ ಎಂದಳು.

ನಾನು ಸಕ್ಕರೆ ಬೇಕೆಂದು ಕೂಗಿದೆ. ಸಪ್ಲೈಯರ್ ಹುಡುಗ ಎಲ್ಲಿಯೂ ಕಾಣಲಿಲ್ಲ. ಪಕ್ಕದ ಮೇಜು ಒರೆಸುತ್ತಿದ್ದ ಕ್ಲೀನರ್ ಹುಡುಗ ಬಟ್ಟೆಯನ್ನು ಅಲ್ಲಿಯೇ ಬಿಸಾಡಿ ಕಾಫಿ ಕೌಂಟರಿಗೆ ಓಡಿದ, ಸಕ್ಕರೆಯ ಡಬ್ಬಿಯನ್ನೇ ಎತ್ತಿಕೊಂಡು ಬಂದ. ಲೋಟದ ನೀರಿಗೆ ಮೂರು ಚಮಚ ಸಕ್ಕರೆ ಹಾಕಿ ಕದಡಿ ಕುಡಿಸಿದೆವು. ಆ ಹುಡುಗ ‘ತಾತಾ, ಇನ್ನೊಂದು ಗುಟುಕು ಕುಡೀರಿ’ ಎನ್ನುತ್ತ ನಿಂತೇ ಇದ್ದ. ಕಾಲು ಗಂಟೆಯೊಳಗೆ ಅಪ್ಪನ ಬೆವರು ನಿಂತಿತು, ಮಾತು ಮರಳಿತು. ಅಂದಿನ ನೆನಪಿನಲ್ಲಿ ನಾನು ಕೃತಜ್ಞತೆಯಿಂದ ಎಣಿಸುವುದು ಆ ಹುಡುಗನೊಬ್ಬನನ್ನೇ.

ಅವರು ಚೇತರಿಸಿಕೊಂಡ ಮೇಲೆ ನಾನು ಅಡುಗೆಮನೆಯ ಬಾಗಿಲಿಗೆ ಹೋದೆ. ಅಲ್ಲಿ ಕಂಡದ್ದನ್ನು ಹೇಳಲೇಬೇಕು, ಏಕೆಂದರೆ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಅಲ್ಲಿಯೇ ಇತ್ತು. ಒಂದೇ ಕಾವಲಿ, ಒಬ್ಬರೇ ಭಟ್ಟರು. ಎಂಟು ದೋಸೆ ಹುಯ್ಯುವಷ್ಟು ದೊಡ್ಡ ಕಾವಲಿಯೇ ಹೌದು, ಆದರೆ ಅದರ ಮೇಲಿದ್ದ ಎಂಟೂ ಪಾರ್ಸಲಿನವು. ಚೀಟಿ ಸಿಕ್ಕಿಸುವ ತಂತಿಯಲ್ಲಿ ನಮ್ಮ ಮೇಜಿನ ಚೀಟಿ ಇತ್ತು, ಅದರ ಮೇಲೆ ಇನ್ನೂ ಆರೇಳು ಚೀಟಿಗಳಿದ್ದವು. ಇಡ್ಲಿಯ ಬಗ್ಗೆ ಕೇಳಿದೆ. ‘ಇಡ್ಲಿ ಒಂಬತ್ತಕ್ಕೇ ಮುಗೀತಲ್ಲ ಸಾರ್, ಹಿಟ್ಟೂ ಇಲ್ಲ, ಹೇಳಲಿಲ್ವೇ?’ ಎಂದು ಭಟ್ಟರು ನನ್ನನ್ನೇ ಕೇಳಿದರು. ಅವರ ಮೇಲೆ ನನಗೆ ಕೋಪ ಬರಲಿಲ್ಲ. ಬೆಳಗಿನಿಂದ ಬೆಂಕಿಯ ಮುಂದೆ ನಿಂತು ಅವರ ಮುಖ ಕೆಂಪಾಗಿತ್ತು.

ಅಂದರೆ ನಾವು ತಿಂಡಿ ಹೇಳುವ ಮೊದಲೇ ಇಡ್ಲಿ ಮುಗಿದಿತ್ತು. ಇಲ್ಲದ ಇಡ್ಲಿಗಾಗಿ ಅಪ್ಪ ಮುಕ್ಕಾಲು ಗಂಟೆ ಕಾದರು. ನನ್ನನ್ನು ಈಗಲೂ ಕಲಕುವುದು ತಡವಾದದ್ದಲ್ಲ, ಯಾರೂ ನಿಜ ಹೇಳದಿದ್ದದ್ದು. ‘ಇಡ್ಲಿ ಇಲ್ಲ, ದೋಸೆಗೆ ಅರ್ಧ ಗಂಟೆಯಾಗುತ್ತದೆ’ ಎಂದು ಒಂದು ಮಾತು ಹೇಳಿದ್ದರೆ ನಾವು ಎದ್ದು ಬೇರೆ ಕಡೆ ಹೋಗುತ್ತಿದ್ದೆವು, ಇಲ್ಲವೇ ಕನಿಷ್ಠ ಎರಡು ಬಾಳೆಹಣ್ಣು ತರಿಸಿ ಅಪ್ಪನಿಗೆ ಕೊಡುತ್ತಿದ್ದೆವು. ಐದು ನಿಮಿಷ ಎಂಬ ಮಾತನ್ನು ನಂಬಿಯೇ ನಾವು ಏನನ್ನೂ ಮಾಡದೆ ಕುಳಿತೆವು.

ಕಾಯುವುದಕ್ಕೆ ಮೈಸೂರಿನ ಜನ ಬೇಸರಪಡುವವರಲ್ಲ. ನಜರ್‌ಬಾದಿನ ಮೈಲಾರಿ ದೋಸೆಗೆ ಜನ ಹೊರಗೆ ರಸ್ತೆಯಲ್ಲಿ ನಿಂತು ಕಾಯುವುದನ್ನು ನೀವು ನೋಡಿರಬಹುದು. ಒಳಗೆ ಎಷ್ಟು ಜಾಗವಿದೆ, ತಮ್ಮ ಮುಂದೆ ಎಷ್ಟು ಜನರಿದ್ದಾರೆ ಎಂಬುದು ಅಲ್ಲಿ ನಿಂತವರಿಗೆ ಕಣ್ಣಿಗೆ ಕಾಣುತ್ತದೆ, ಬೇಕಾದವರು ನಿಲ್ಲುತ್ತಾರೆ, ಆಗದವರು ಹೋಗುತ್ತಾರೆ. ದಸರೆಯ ಹತ್ತು ದಿನಗಳಲ್ಲಂತೂ ಯಾವ ಹೋಟೆಲಿನಲ್ಲೂ ಬೇಗ ಸಿಗಲಾರದೆಂದು ತಿಳಿದೇ ಹೋಗುತ್ತೇವೆ. ಹಳೆಯ ಹೋಟೆಲುಗಳಲ್ಲಿ ‘ತಿಂಡಿ ಏನಿದೆ?’ ಎಂದು ಕೇಳಿದರೆ ಸಪ್ಲೈಯರ್ ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಪೂರಿ ಎಂದು ಒಂದೇ ಉಸಿರಿಗೆ ಹೇಳುತ್ತಿದ್ದ. ಆ ಪಟ್ಟಿ ಗಂಟೆಗೊಮ್ಮೆ ಬದಲಾಗುತ್ತಿತ್ತು, ಏಕೆಂದರೆ ಒಳಗೆ ಏನು ಮುಗಿದಿದೆ ಎಂಬುದು ಅವನಿಗೆ ಗೊತ್ತಿರುತ್ತಿತ್ತು. ಮೇಜಿನ ಮೇಲೆ ಅಂಟಿಸಿದ ಚೀಟಿಯನ್ನು ಫೋನಿನಲ್ಲಿ ಸ್ಕ್ಯಾನ್ ಮಾಡಿ ನೋಡುವ ಮೆನುವಿನಲ್ಲಿ ಮುಗಿದ ಇಡ್ಲಿಯೂ ಸಂಜೆಯವರೆಗೆ ಹಾಗೆಯೇ ಉಳಿದಿರಬಹುದು. ಅದಕ್ಕೇ ನಾನು ಈಗ ಮೆನು ನೋಡುವ ಮೊದಲು ‘ಈಗ ರೆಡಿ ಇರುವುದು ಏನು?’ ಎಂದು ಬಾಯಿಬಿಟ್ಟು ಕೇಳುತ್ತೇನೆ.

ಇನ್ನು ನಿಮ್ಮ ಪ್ರಶ್ನೆಯ ಮುಖ್ಯ ಭಾಗಕ್ಕೆ ಬರುತ್ತೇನೆ. ಎದ್ದು ಬರುವುದು ಖಂಡಿತ ತಪ್ಪಲ್ಲ. ಆದರೆ ಹೇಳದೆ ಬರಬೇಡಿ. ಕೌಂಟರಿಗೆ ಹೋಗಿ, ಎಷ್ಟು ಗಂಟೆಗೆ ತಿಂಡಿ ಹೇಳಿದಿರಿ, ಈಗ ಎಷ್ಟು ಗಂಟೆಯಾಗಿದೆ ಎಂಬುದನ್ನು ತಿಳಿಸಿ, ಹೇಳಿದ್ದನ್ನು ಕ್ಯಾನ್ಸಲ್ ಮಾಡಿಸಿ ಬನ್ನಿ. ತಿಂದಿದ್ದಕ್ಕೆ, ಕುಡಿದಿದ್ದಕ್ಕೆ ಹಣ ಕೊಡಿ. ಸಪ್ಲೈಯರನ್ನು ಬೈಯುವುದರಿಂದ ಪ್ರಯೋಜನವಿಲ್ಲ. ಅವನು ಒಬ್ಬನೇ ಎಂಟು ಮೇಜು ನೋಡಿಕೊಳ್ಳುತ್ತಿರುತ್ತಾನೆ, ಕಾವಲಿಯ ಮೇಲೆ ಪಾರ್ಸಲ್ ಮೊದಲೋ ಮೇಜು ಮೊದಲೋ ಎಂಬುದನ್ನು ತೀರ್ಮಾನಿಸುವುದು ಅವನಲ್ಲ, ಗಲ್ಲಾದ ಮೇಲೆ ಕುಳಿತವರು. ಆದ್ದರಿಂದ ಹೇಳಬೇಕಾದ ಮಾತನ್ನು ಅವರಿಗೇ ಹೇಳಬೇಕು. ಎಷ್ಟು ಹೊತ್ತು ಕಾಯಬೇಕೆಂದರೆ, ಬೆಳಗಿನ ತಿಂಡಿಗೆ ಇಪ್ಪತ್ತು ನಿಮಿಷ ನನ್ನ ಲೆಕ್ಕ. ದೋಸೆ ಒಂದು ಸಲ ಹುಯ್ದರೆ ನಾಲ್ಕೈದು ನಿಮಿಷಕ್ಕಿಂತ ಹೆಚ್ಚು ಬೇಡ, ಇಡ್ಲಿ ಹೊಸದಾಗಿ ಹಬೆಗೆ ಇಟ್ಟರೂ ಹತ್ತು ಹನ್ನೆರಡು ನಿಮಿಷ. ಇಪ್ಪತ್ತು ನಿಮಿಷವಾದರೂ ಬರಲಿಲ್ಲವೆಂದರೆ ನಿಮ್ಮ ಚೀಟಿ ಎಲ್ಲಿಯೋ ಸಿಕ್ಕಿಕೊಂಡಿದೆ ಎಂದೇ ಅರ್ಥ. ಎರಡನೆಯ ‘ಐದು ನಿಮಿಷ’ ಕೇಳಿಸಿದ ಕೂಡಲೆ ಎದ್ದು ಹೋಗಿ ವಿಚಾರಿಸಿ. ನಾನು ಅಂದು ಮೂರನೆಯದರವರೆಗೂ ಕುಳಿತಿದ್ದೆ.

ದೂರಿನ ವಿಷಯ. 2019ರ ಗ್ರಾಹಕ ರಕ್ಷಣಾ ಕಾಯಿದೆಯಲ್ಲಿ ಸೇವೆಯ ನ್ಯೂನತೆಗೆ ಪರಿಹಾರ ಕೇಳುವ ಅವಕಾಶವಿದೆ, ಎರಡು ವರ್ಷದೊಳಗೆ ಜಿಲ್ಲಾ ಆಯೋಗಕ್ಕೆ ಹೋಗಬಹುದು, ಕೊಟ್ಟ ಹಣ ಐದು ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವೂ ಇಲ್ಲ. ಆದರೂ ದೋಸೆ ತಡವಾಯಿತೆಂಬ ಒಂದೇ ಕಾರಣಕ್ಕೆ ಆಯೋಗದ ಮೆಟ್ಟಿಲು ಹತ್ತುವಂತೆ ನಾನು ನಿಮಗೆ ಹೇಳಲಾರೆ. ಇಂತಿಷ್ಟು ಹೊತ್ತಿಗೆ ಕೊಡುತ್ತೇವೆಂದು ಯಾರೂ ಬರೆದುಕೊಟ್ಟಿರುವುದಿಲ್ಲ, ಓಡಾಟವೇ ದೊಡ್ಡದಾಗುತ್ತದೆ.

ಬಿಲ್ಲನ್ನು ಮಾತ್ರ ತಪ್ಪದೆ ಓದಿ. ಅಂದು ದೋಸೆ ಕಾಫಿಗಳು ಕೊನೆಗೂ ಬಂದವು, ಬಿಲ್ 490 ರೂಪಾಯಿ ಆಗಿತ್ತು, ಅದರ ಕೆಳಗೆ ಸರ್ವಿಸ್ ಚಾರ್ಜ್ ಎಂದು 24.50 ರೂಪಾಯಿ ಸೇರಿಸಿದ್ದರು. ಜಿಎಸ್‌ಟಿ ತೆರಿಗೆ, ಅದನ್ನು ಕೊಡಲೇಬೇಕು. ಸರ್ವಿಸ್ ಚಾರ್ಜ್ ತೆರಿಗೆಯಲ್ಲ. ಹೋಟೆಲುಗಳು ಅದನ್ನು ತಾವಾಗಿಯೇ ಬಿಲ್ಲಿಗೆ ಸೇರಿಸಕೂಡದು, ಬೇರೆ ಹೆಸರಿನಲ್ಲಿಯೂ ವಸೂಲು ಮಾಡಕೂಡದು ಎಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು 2022ರ ಜುಲೈ 4ರಂದು ಮಾರ್ಗಸೂಚಿ ಹೊರಡಿಸಿತು. ಹೋಟೆಲು ಮಾಲೀಕರ ಸಂಘಟನೆಗಳು ಅದನ್ನು ಪ್ರಶ್ನಿಸಿದಾಗ ದೆಹಲಿ ಹೈಕೋರ್ಟ್ 2025ರ ಮಾರ್ಚ್ 28ರಂದು ಆ ಮಾರ್ಗಸೂಚಿಯನ್ನು ಎತ್ತಿಹಿಡಿಯಿತು. ನಾನು ಕೌಂಟರಿನಲ್ಲಿ ದನಿ ಏರಿಸದೆ, ‘ಯಾವ ಸೇವೆಗೆ ಈ ಹಣ ಎಂದು ಹೇಳಿ, ಕೊಡುತ್ತೇನೆ’ ಎಂದು ಕೇಳಿದೆ. ಕ್ಯಾಷಿಯರ್ ಮರುಮಾತಿಲ್ಲದೆ ಆ ಸಾಲನ್ನು ತೆಗೆದು ಬೇರೆ ಬಿಲ್ ಕೊಟ್ಟರು. ತೆಗೆಯದಿದ್ದರೆ 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ, ಫೋನ್ ಮಾಡಿ ದೂರು ದಾಖಲಿಸಬಹುದು. ಹಣ ಚಿಕ್ಕದು, ಆದರೆ ಆ ದಿನ ಆ ಸಾಲನ್ನು ಓದಿದಾಗ ನನಗೆ ಬಹಳ ನೋವಾಯಿತು. ಹೊರಡುವ ಮುನ್ನ ಸಕ್ಕರೆಯ ಡಬ್ಬಿ ತಂದ ಹುಡುಗನನ್ನು ಹುಡುಕಿ ಅಪ್ಪ ತಮ್ಮ ಕೈಯಾರೆ ಐವತ್ತು ರೂಪಾಯಿ ಕೊಟ್ಟರು. ಅವನು ಬೇಡವೆಂದರೂ ಅವನ ಜೇಬಿಗೆ ಹಾಕಿದರು.

ಅಂತರ್ಜಾಲದಲ್ಲಿ ಅಭಿಪ್ರಾಯ ಬರೆಯುವುದಾದರೆ ‘ಕೆಟ್ಟ ಹೋಟೆಲು, ಯಾರೂ ಹೋಗಬೇಡಿ’ ಎಂದು ಬರೆಯಬೇಡಿ. ಯಾವ ದಿನ, ಎಷ್ಟು ಗಂಟೆಗೆ, ಏನು ಹೇಳಿದಿರಿ, ಯಾವಾಗ ಬಂತು, ಕೇಳಿದಾಗ ಏನೆಂದರು ಎಂದಷ್ಟೇ ಬರೆಯಿರಿ. ನಾನು ಹಾಗೆ ಬರೆದ ಮೂರನೆಯ ದಿನ ಮಾಲೀಕರು ಉತ್ತರಿಸಿ, ಭಾನುವಾರ ಬೆಳಿಗ್ಗೆ ಇನ್ನೊಬ್ಬ ಭಟ್ಟರನ್ನು ಇಟ್ಟುಕೊಳ್ಳುವುದಾಗಿ ತಿಳಿಸಿದರು. ಇಟ್ಟುಕೊಂಡಿದ್ದಾರೋ ಇಲ್ಲವೋ ನೋಡಲು ನಾನು ಮತ್ತೆ ಹೋಗಿಲ್ಲ.

ನಿಮ್ಮ ಜೊತೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದರೆ ಒಂದು ಮಾತು. ಬೆವರು, ನಡುಕ, ಇದ್ದಕ್ಕಿದ್ದಂತೆ ಮಾತು ನಿಲ್ಲುವುದು ಕಂಡರೆ ದೋಸೆಗಾಗಿ ಕಾಯಬೇಡಿ. ನುಂಗುವಷ್ಟು ಎಚ್ಚರವಿದ್ದರೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕೂಡಲೆ ಕುಡಿಸಿ, ಕಾಲು ಗಂಟೆಯಲ್ಲಿ ಸರಿಹೋಗದಿದ್ದರೆ ಇನ್ನೊಮ್ಮೆ ಕೊಡಿ, ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಒಯ್ಯಿರಿ. ಆ ಭಾನುವಾರದ ನಂತರ ನಾವು ಡಾಕ್ಟರನ್ನು ಕೇಳಿ ಬಂದೆವು. ಅಪ್ಪ ಈಗ ಹೊರಗೆ ಹೋದಾಗ ಮಾತ್ರೆಯನ್ನು ಜೇಬಿನಲ್ಲಿಯೇ ಇಟ್ಟುಕೊಂಡಿದ್ದು, ತಟ್ಟೆ ಎದುರಿಗೆ ಬಂದ ಮೇಲೆ ನುಂಗುತ್ತಾರೆ. ಅಕ್ಕ ತನ್ನ ಚೀಲದಲ್ಲಿ ಒಂದು ಪೊಟ್ಟಣ ಸಕ್ಕರೆ ಇಟ್ಟುಕೊಳ್ಳದೆ ಅವರೊಡನೆ ಎಲ್ಲಿಗೂ ಹೊರಡುವುದಿಲ್ಲ.