ಜಿನೀವಾದ ಖಾತೆ, ಯಾರೂ ಎತ್ತದ ಫೋನು

ಪ್ರಿಯ ಓದುಗರೇ,

ಬ್ರಿಟಿಷ್ ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿಯ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಹಿಡಿಸಲಿಲ್ಲವೆಂದು ನೀವು ಪತ್ರ ಬರೆದಿದ್ದೀರಿ. ನಿಮ್ಮ ತಕರಾರು ಮೂರು. ಬ್ಯಾಂಕಿನವರನ್ನೂ ಕಂಪನಿಯವರನ್ನೂ ಕ್ಯಾಮೆರಾ ಮುಂದೆ ಕೂರಿಸಿ ದಬಾಯಿಸುವುದು ಬರೀ ನಾಟಕ. ಹೊರದೇಶದಲ್ಲಿ ಬಚ್ಚಿಟ್ಟದ್ದನ್ನೆಲ್ಲ ವಸೂಲು ಮಾಡಿದ್ದರೆ ಅಲ್ಲಿನ ಆಸ್ಪತ್ರೆಗಳ ಸರದಿ ಎಂದೋ ಕರಗುತ್ತಿತ್ತು. ಇಷ್ಟು ದೊಡ್ಡ ಸಂಗತಿ ಬಿಟ್ಟು ತೆರಿಗೆ ಇಲಾಖೆ ಫೋನ್ ಎತ್ತುವುದಿಲ್ಲ ಎಂಬ ಚಿಲ್ಲರೆ ವಿಷಯಕ್ಕೆ ನಮ್ಮ ಲೇಖಕರು ಎರಡು ಪುಟ ಸುರಿದಿದ್ದಾರೆ. ಪತ್ರವನ್ನು ಪೂರ್ತಿ ಅಚ್ಚು ಹಾಕಲು ಜಾಗವಿಲ್ಲದ್ದರಿಂದ ಸಾರಾಂಶ ಕೊಟ್ಟಿದ್ದೇನೆ. ಮೂರನೆಯ ಮಾತನ್ನು ನಾನು ಒಪ್ಪುವುದಿಲ್ಲ. ಅಲ್ಲಿಗೆ ಬರುವ ಮೊದಲು ಉಳಿದೆರಡನ್ನು ನೋಡೋಣ.

ನಾಟಕ ಇದ್ದದ್ದು ನಿಜ. 2011ರ ನವೆಂಬರಿನಲ್ಲಿ ಸಮಿತಿಯ ಅಂದಿನ ಅಧ್ಯಕ್ಷೆ ಮಾರ್ಗರೆಟ್ ಹಾಡ್ಜ್ ಅವರು ತೆರಿಗೆ ಇಲಾಖೆಯಾದ ಎಚ್‌ಎಂಆರ್‌ಸಿಯ ಹಿರಿಯ ವಕೀಲರಿಗೆ ವಿಚಾರಣೆಯ ನಡುವೆಯೇ ಬೈಬಲ್ ತರಿಸಿ ಪ್ರಮಾಣ ಮಾಡಿಸಿದರು. ಗೋಲ್ಡ್‌ಮನ್ ಸ್ಯಾಕ್ಸ್ ಬ್ಯಾಂಕಿನ ಜೊತೆಗಿನ ರಾಜಿಯಲ್ಲಿ ಇಲಾಖೆ ಬಡ್ಡಿ ಬಿಟ್ಟುಕೊಟ್ಟಿದೆ ಎಂಬ ದೂರಿನ ವಿಚಾರಣೆ ಅದು. ಮರುವರ್ಷ ನಿವೃತ್ತ ನ್ಯಾಯಾಧೀಶರೊಬ್ಬರು ದೊಡ್ಡ ಕಂಪನಿಗಳೊಂದಿಗಿನ ಅಂಥ ಐದು ರಾಜಿಗಳನ್ನು ಪರಿಶೀಲಿಸಿದರು. ಮೊತ್ತಗಳು ಒಟ್ಟಾರೆ ಸಮಂಜಸವಾಗಿಯೇ ಇವೆ, ಆದರೆ ಇಲಾಖೆ ತನ್ನದೇ ನಿಯಮಗಳನ್ನು ಸರಿಯಾಗಿ ಪಾಲಿಸಿಲ್ಲ ಎಂದರು. ಅಂದರೆ ಸಮಿತಿ ಗುಡುಗಿದ್ದರಲ್ಲಿ ಅರ್ಧ ಮಾತ್ರ ನಿಂತಿತು.

ಆದರೆ ಈ ಗುಡುಗಿಗೊಂದು ಕಾರಣವಿದೆ. ತೆರಿಗೆದಾರರ ಗುಟ್ಟು ಕಾಯಬೇಕೆಂದು 2005ರ ಕಾನೂನು ಇಲಾಖೆಯ ಬಾಯಿ ಕಟ್ಟಿಹಾಕಿದೆ. ಇಂಥವರ ಕಡತದಲ್ಲಿ ಏನಿದೆ ಎಂದು ಸಂಸದರು ಕೇಳಿದರೆ ಅಧಿಕಾರಿಗಳಿಂದ ಬರುವ ಉತ್ತರ ಒಂದೇ: ಹೇಳುವಂತಿಲ್ಲ. ಗುಟ್ಟು ಕಾಯುವುದು ಒಳ್ಳೆಯದೇ; ನಿಮ್ಮ ತೆರಿಗೆ ಕಡತ ಸಂಸತ್ತಿನಲ್ಲಿ ಚರ್ಚೆಯಾದರೆ ನೀವೂ ಒಪ್ಪಲಿಕ್ಕಿಲ್ಲ. ಆದರೆ ಇಲಾಖೆ ಯಾರಿಗೆ ಮೆತ್ತಗಾಯಿತು ಎಂದು ತಿಳಿಯಲು ಸಮಿತಿಗೆ ಆಮೇಲೆ ಉಳಿಯುವ ದಾರಿ ಸಂಬಂಧಪಟ್ಟವರನ್ನೇ ಕರೆಸಿ ಕೇಳುವುದು. 2012ರ ನವೆಂಬರಿನಲ್ಲಿ ಸ್ಟಾರ್‌ಬಕ್ಸ್, ಗೂಗಲ್, ಅಮೆಜಾನ್ ಕಂಪನಿಗಳವರು ಆ ಮೇಜಿನೆದುರು ಬಂದು ಕೂತದ್ದು ಹಾಗೆ. ಅವರ ಮೇಲಿದ್ದದ್ದು ಕಾನೂನಿನೊಳಗೇ ನುಸುಳಿ ತೆರಿಗೆ ತಗ್ಗಿಸಿಕೊಂಡ ಆಕ್ಷೇಪ. ಕಳ್ಳ ಖಾತೆಯ ಅಪರಾಧ ಬೇರೆ. ಆದರೂ ಬ್ರಿಟನ್ನಿನಲ್ಲಿ ಹೆಚ್ಚುಕಡಿಮೆ ವರ್ಷವರ್ಷವೂ ನಷ್ಟ ತೋರಿಸುತ್ತಿದ್ದ ಸ್ಟಾರ್‌ಬಕ್ಸ್, ಮರು ತಿಂಗಳೇ ಎರಡು ವರ್ಷದಲ್ಲಿ 2 ಕೋಟಿ ಪೌಂಡ್ ಕಟ್ಟುವುದಾಗಿ ತಾನಾಗಿಯೇ ಹೇಳಿತು. ತೆರಿಗೆಯನ್ನು ಚಂದಾ ಥರ ಕಟ್ಟುವುದು ನನಗೆ ಇಂದಿಗೂ ವಿಚಿತ್ರವಾಗಿ ಕಾಣುತ್ತದೆ.

ಇನ್ನು ಕಳ್ಳ ಖಾತೆಗಳ ವಿಷಯ. ಎಚ್‌ಎಸ್‌ಬಿಸಿ ಬ್ಯಾಂಕಿಗೆ ಸ್ವಿಟ್ಜರ್ಲೆಂಡಿನಲ್ಲಿದ್ದ ಜಿನೀವಾ ಶಾಖೆಯ ಉದ್ಯೋಗಿ ಎರ್ವೆ ಫಾಲ್ಚಾನಿ ಹೊರತಂದ ಗ್ರಾಹಕರ ಪಟ್ಟಿ ಫ್ರಾನ್ಸ್ ಸರ್ಕಾರದ ಮೂಲಕ ಬ್ರಿಟನ್ನಿಗೆ ಸಿಕ್ಕಿದ್ದು 2010ರಲ್ಲಿ. ದಾಖಲೆ ಹುಡುಕುವ ಕೆಲಸವೇ ಇರಲಿಲ್ಲ. ಹೆಸರು, ಖಾತೆ, ಮೊತ್ತ ಎಲ್ಲ ಅದರಲ್ಲೇ ಇತ್ತು. ಐದು ವರ್ಷ ಕಳೆದು, 2015ರ ಫೆಬ್ರುವರಿಯಲ್ಲಿ, ಪತ್ರಕರ್ತರ ಅಂತರರಾಷ್ಟ್ರೀಯ ಕೂಟವೊಂದು ಅದನ್ನು ಬಯಲಿಗೆ ತಂದ ಮೇಲೆ ಸಮಿತಿ ಇಲಾಖೆಯ ಮುಖ್ಯಸ್ಥೆ ಲಿನ್ ಹೋಮರ್ ಅವರನ್ನು ಕೂರಿಸಿ ಲೆಕ್ಕ ಕೇಳಿತು. ವಸೂಲಾದದ್ದು 13.5 ಕೋಟಿ ಪೌಂಡ್. ನ್ಯಾಯಾಲಯಕ್ಕೆ ಹೋದ ಮೊಕದ್ದಮೆ ಒಂದೇ ಒಂದು. ಫ್ರಾನ್ಸ್ ಜೊತೆಗಿನ ಒಪ್ಪಂದದ ಪ್ರಕಾರ ಆ ಪಟ್ಟಿಯನ್ನು ತೆರಿಗೆ ವಸೂಲಿಗೆ ಬಿಟ್ಟು ಬೇರೆ ಸಂಸ್ಥೆಗಳಿಗೆ ಕೊಡುವಂತಿರಲಿಲ್ಲ, ಕದ್ದ ದಾಖಲೆ ಕೋರ್ಟಿನಲ್ಲಿ ನಿಲ್ಲುವುದೂ ಕಷ್ಟ ಎಂಬುದು ಇಲಾಖೆಯ ಸಮಜಾಯಿಷಿ. ಅದನ್ನು ತಳ್ಳಿಹಾಕುವಂತಿಲ್ಲ. ಆದರೆ ಪತ್ರಿಕೆಗಳಲ್ಲಿ ಬಂದ ಕೆಲವೇ ದಿನಗಳಲ್ಲಿ ಫ್ರಾನ್ಸ್ ಆ ಷರತ್ತನ್ನು ಸಡಿಲಿಸಿತು. ಐದು ವರ್ಷದಲ್ಲಿ ಅದನ್ನು ಗಟ್ಟಿಯಾಗಿ ಕೇಳಿದವರಾದರೂ ಯಾರು?

ಅದೇ ವರ್ಷದ ಮಾರ್ಚ್ 9ರ ವಿಚಾರಣೆ ನಿಮ್ಮ ಸಿಟ್ಟಿಗೆ ಮುಖ್ಯ ಕಾರಣವಿರಬೇಕು. ಎಚ್‌ಎಸ್‌ಬಿಸಿ ನಿರ್ದೇಶಕಿಯೂ ಆಗಿದ್ದ, ಆಗ ಬಿಬಿಸಿಯ ಮೇಲ್ವಿಚಾರಣೆ ನೋಡುತ್ತಿದ್ದ ಬಿಬಿಸಿ ಟ್ರಸ್ಟಿನ ಅಧ್ಯಕ್ಷೆಯಾಗಿದ್ದ ರೋನಾ ಫೇರ್‌ಹೆಡ್ ಅವರಿಗೆ ಹಾಡ್ಜ್ ನೇರವಾಗಿ ಹೇಳಿದ್ದು: ಒಂದೋ ನಿಮಗೆ ಗೊತ್ತಿತ್ತು, ಇಲ್ಲವೇ ನಿಮಗೆ ಆ ಕೆಲಸ ಗೊತ್ತಿರಲಿಲ್ಲ; ಬಿಬಿಸಿ ಹುದ್ದೆ ಬಿಡುವುದು ಒಳ್ಳೆಯದು. ತೆರಿಗೆ ಕದ್ದವರೇ ಮೊದಲ ಹೊಣೆಗಾರರು, ಆಮೇಲೆ ಸ್ವಿಟ್ಜರ್ಲೆಂಡಿನಲ್ಲಿ ಕೂತು ಅದಕ್ಕೆ ಕೈ ಜೋಡಿಸಿದವರು ಎಂದು ಫೇರ್‌ಹೆಡ್ ವಾದಿಸಿದರು. ಅಧ್ಯಕ್ಷೆ ಅಲ್ಲಿ ಗೆರೆ ದಾಟಿದರು ಎಂದು ನನಗೂ ಅನ್ನಿಸುತ್ತದೆ. ಬಿಬಿಸಿ ಹುದ್ದೆಗೂ ಜಿನೀವಾದ ಖಾತೆಗೂ ಸಂಬಂಧವಿರಲಿಲ್ಲ, ಮರುದಿನದ ಸುದ್ದಿಯೆಲ್ಲ ಆ ಕಡೆ ಹರಿದುಹೋಯಿತು. ಆ ಗಲಾಟೆಯಲ್ಲಿ ಹೆಚ್ಚು ಬೆಲೆಬಾಳುವ ಇನ್ನೊಂದು ಲೆಕ್ಕ ಮುಳುಗಿಹೋಯಿತು. ಅಲ್ಲಿನ ಬ್ಯಾಂಕುಗಳಲ್ಲಿ ಬ್ರಿಟನ್ನಿನವರು ಇಟ್ಟ ಹಣದ ಬಗ್ಗೆ ಸ್ವಿಟ್ಜರ್ಲೆಂಡ್ ಜೊತೆ ಮಾಡಿಕೊಂಡ ತೆರಿಗೆ ಒಪ್ಪಂದದಿಂದ 2013-14ರ ಸಾಲಿನಲ್ಲಿ 312 ಕೋಟಿ ಪೌಂಡ್ ಬರುತ್ತದೆಂದು ಖಜಾನೆ ಮೊದಲೇ ಬರೆದಿಟ್ಟುಕೊಂಡಿತ್ತು. 2013ರ ಕೊನೆಯ ಹೊತ್ತಿಗೆ ಬಂದಿದ್ದದ್ದು 44 ಕೋಟಿ.

ಆಸ್ಪತ್ರೆಯ ಲೆಕ್ಕಕ್ಕೆ ಬರೋಣ. ಇಂಗ್ಲೆಂಡಿನಲ್ಲಿ ಚಿಕಿತ್ಸೆಗಾಗಿ ಕಾದಿರುವ ಪ್ರಕರಣಗಳ ಪಟ್ಟಿ 2023ರ ಸೆಪ್ಟೆಂಬರಿನಲ್ಲಿ 77 ಲಕ್ಷ ದಾಟಿತ್ತು. ಅದಕ್ಕೆ ಹಣದ ಜೊತೆ ವೈದ್ಯರು, ದಾದಿಯರು, ಹಾಸಿಗೆಗಳು, ಕೋವಿಡ್ ಬಾಕಿ ಹೀಗೆ ಹತ್ತಾರು ಕಾರಣ. ಬರಬೇಕಾದ ತೆರಿಗೆಗೂ ಬಂದ ತೆರಿಗೆಗೂ ಇರುವ ಅಂತರ ಇಲಾಖೆಯ ಅಂದಾಜಿನಲ್ಲೇ 2023-24ರಲ್ಲಿ 4,680 ಕೋಟಿ ಪೌಂಡ್. ಕೇಳಲು ದೊಡ್ಡ ಮೊತ್ತ. ಆದರೆ ಅದರ 60 ಶೇಕಡಾ ಸಣ್ಣ ಉದ್ಯಮಗಳದ್ದು. ತಪ್ಪು ಲೆಕ್ಕ, ಅಜಾಗರೂಕತೆ, ಕೈಯಲ್ಲಿ ನಗದು ಪಡೆದು ಬಿಲ್ ಕೊಡದಿರುವುದು, ಇವೂ ಅದರಲ್ಲಿ ಸೇರಿವೆ. ವಿದೇಶಿ ಆದಾಯ ಮುಚ್ಚಿಟ್ಟದ್ದರಿಂದ 2018-19ರಲ್ಲಿ ಹೋದದ್ದು 30 ಕೋಟಿ ಪೌಂಡ್ ಎಂದು ಇಲಾಖೆ ಅಂದಾಜು ಮಾಡಿದೆ. ಇದು ತೀರಾ ಕಡಿಮೆ ಅನ್ನುವವರಿದ್ದಾರೆ, ನಾನೂ ಅವರ ಜೊತೆಗೇ. ಹಾಗೆಂದು ಹತ್ತು ಪಟ್ಟು ಮಾಡಿದರೂ 300 ಕೋಟಿ. ಆಸ್ಪತ್ರೆ ವ್ಯವಸ್ಥೆಯ ಒಂದು ವರ್ಷದ ಖರ್ಚು ಹತ್ತು ಸಾವಿರ ಕೋಟಿ ಪೌಂಡಿಗೂ ಎಷ್ಟೋ ಮೇಲೆ. ಜಿನೀವಾದ ಬೀಗ ಒಡೆದರೆ ಸರದಿ ಕರಗುತ್ತದೆ ಎಂದು ನಾವು ಬರೆದಿದ್ದರೆ ನಿಮಗೆ ಸಮಾಧಾನವಾಗುತ್ತಿತ್ತು, ಆದರೆ ಅದು ಸುಳ್ಳಾಗುತ್ತಿತ್ತು.

ಹಾಗಾದರೆ ಸೊರಗಿದ ಸಾರ್ವಜನಿಕ ಸೇವೆಗೂ ಕಳ್ಳ ಖಾತೆಗೂ ನಂಟಿಲ್ಲವೇ? ಇದೆ. ಅದು ಆಸ್ಪತ್ರೆಗೆ ಹೋಗುವ ಮೊದಲೇ ಸಿಗುತ್ತದೆ. ಸೊರಗಿದ ಸೇವೆಗಳಲ್ಲಿ ತೆರಿಗೆ ಇಲಾಖೆಯೂ ಒಂದು.

2015ರ ನವೆಂಬರಿನಲ್ಲಿ, ಮೆಗ್ ಹಿಲಿಯರ್ ಅಧ್ಯಕ್ಷತೆಯಲ್ಲಿ ಸಮಿತಿ ಕೊಟ್ಟ ವರದಿ ಓದಿ ನೋಡಿ. 2010ರಿಂದ ಅಲ್ಲಿಯವರೆಗೆ ಹೊರದೇಶದ ತೆರಿಗೆ ವಂಚನೆಗಾಗಿ ನಡೆದ ಮೊಕದ್ದಮೆ 11 ಎಂದಿದೆ ಆ ವರದಿ. ಆ ವರ್ಷದ ಮೊದಲರ್ಧದಲ್ಲಿ ಇಲಾಖೆ ಎತ್ತಿದ ಫೋನ್ ಕರೆಗಳು ಬಂದವುಗಳಲ್ಲಿ ಅರ್ಧ ಎಂದೂ ಅದೇ ವರದಿ ಹೇಳುತ್ತದೆ. ಎರಡೂ ಒಟ್ಟಿಗೆ ಬಂದದ್ದು ಆಕಸ್ಮಿಕ ಅಲ್ಲ. ಮಾಹಿತಿ ಕೇಳಿದವರಿಗೆ ಉತ್ತರ ಸಿಗದಿದ್ದರೆ ಕಟ್ಟಬೇಕೆಂದಿದ್ದವರೂ ತಪ್ಪುತ್ತಾರೆ, ಅಲ್ಲಿಂದ ವಸೂಲಿಯೂ ಕುಗ್ಗುತ್ತದೆ ಎಂಬುದು ಸಮಿತಿಯ ವಾದ. ಮರುವರ್ಷ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿ ಇದರ ಹಿಂದಿನ ಕಥೆ ಬಿಡಿಸಿಟ್ಟಿತು. ವೈಯಕ್ತಿಕ ತೆರಿಗೆ ವಿಭಾಗದ ಸಿಬ್ಬಂದಿ ನಾಲ್ಕು ವರ್ಷದಲ್ಲಿ 26,000ದಿಂದ 15,000ಕ್ಕೆ ಇಳಿದಿತ್ತು. ಜನ ಆನ್‌ಲೈನಿಗೆ ಹೋಗುತ್ತಾರೆ ಎಂದು ನಂಬಿ ಕುರ್ಚಿ ಖಾಲಿ ಮಾಡಿಸಿದ್ದರು, ಅಂದುಕೊಂಡಷ್ಟು ಜನ ಹೋಗಲಿಲ್ಲ. 2015ರ ಅಕ್ಟೋಬರಿನಲ್ಲಿ ಸ್ವಯಂ ಘೋಷಣೆಯ ತೆರಿಗೆ (ತಮ್ಮ ಆದಾಯವನ್ನು ತಾವೇ ಲೆಕ್ಕ ಕೊಟ್ಟು ಕಟ್ಟುವುದು) ಬಗ್ಗೆ ಕೇಳಲು ಫೋನ್ ಮಾಡಿದವರು ಸರಾಸರಿ 47 ನಿಮಿಷ ಕಾದರು. ಇಲಾಖೆ ಉಳಿಸಿದ ಪ್ರತಿ 1 ಪೌಂಡಿಗೆ ಫೋನ್ ಹಿಡಿದು ಕಾದವರಿಗೆ 4 ಪೌಂಡ್ ಖರ್ಚು ಬಿತ್ತು ಎಂದು ಪರಿಶೋಧಕರು ಲೆಕ್ಕ ಹಾಕಿದರು.

ಈಗ ಎರಡನ್ನೂ ಅಕ್ಕಪಕ್ಕ ಇಡಿ. ಜಿನೀವಾದಲ್ಲಿ ಖಾತೆ ಇದ್ದವರಿಗೆ ಇಲಾಖೆ ಪತ್ರ ಬರೆದು ಹಣ ಕಟ್ಟಿ ಬಗೆಹರಿಸಿಕೊಳ್ಳಿ ಎಂದಿತು. ಸ್ವಿಟ್ಜರ್ಲೆಂಡ್ ಪಕ್ಕದ ಪುಟ್ಟ ದೇಶ ಲೀಖ್ಟೆನ್‌ಸ್ಟೈನ್ ಮೂಲಕ ಮಾಡಿದ ವ್ಯವಸ್ಥೆಯಲ್ಲಿ ತಾನಾಗಿ ಒಪ್ಪಿಕೊಂಡವರಿಗೆ ದಂಡ ಹತ್ತು ಶೇಕಡಾ. ಅವರ ಪರವಾಗಿ ಫೋನ್ ಮಾಡಲು ಲೆಕ್ಕಪರಿಶೋಧಕರಿದ್ದರು. ಸಣ್ಣ ಅಂಗಡಿಯವರೋ ಪಿಂಚಣಿದಾರರೋ ತಾವೇ ಫೋನ್ ಹಿಡಿದು ಕೂರಬೇಕು. ನೀವು ಚಿಲ್ಲರೆ ಎಂದ ಆ 47 ನಿಮಿಷಕ್ಕೆ ನಮ್ಮ ಲೇಖಕರು ಎರಡು ಪುಟ ಕೊಟ್ಟದ್ದು ಇದಕ್ಕೇ. ಪ್ರಾಮಾಣಿಕರು ತಟ್ಟುವ ಬಾಗಿಲೂ ಕಳ್ಳರನ್ನು ಹಿಡಿಯುವ ಕೈಯೂ ಒಂದೇ ಕಚೇರಿಯವು, ಎರಡೂ ಕಡೆಯವರಿಗೆ ಸಂಬಳ ಕೊಡುವ ಬಜೆಟ್ಟೂ ಒಂದೇ.

ಎಲ್ಲ ಬರೀ ನಾಟಕ, ಸಮಿತಿಯಿಂದ ಏನೂ ಆಗಲಿಲ್ಲ ಎಂಬುದನ್ನು ಪೂರ್ತಿ ಒಪ್ಪಲಾರೆ. ಅದು ಜುಲ್ಮಾನೆ ಹಾಕುವಂತಿಲ್ಲ, ಬಂಧಿಸುವಂತಿಲ್ಲ. ಶಿಫಾರಸು ಮಾಡಬಹುದು, ಸರ್ಕಾರ ಅದಕ್ಕೆ ಲಿಖಿತ ಉತ್ತರ ಕೊಡಬೇಕು. 1861ರಿಂದ ನಡೆದುಬಂದ ಪದ್ಧತಿ ಇಷ್ಟೇ. ಆದರೂ ಆ ಗದ್ದಲದ ವರ್ಷಗಳ ನಂತರ ಕಾನೂನು ಬದಲಾಯಿತು. ಉದ್ದೇಶ ಸಾಬೀತು ಮಾಡುವ ಅಗತ್ಯವಿಲ್ಲದೆ ಹೊರದೇಶದ ಆದಾಯ ಮುಚ್ಚಿಟ್ಟವರನ್ನು ಶಿಕ್ಷಿಸುವ ಅಪರಾಧ 2016ರಲ್ಲಿ ಬಂತು. ವಂಚನೆಗೆ ನೆರವಾಗುವ ತನ್ನವರನ್ನು ತಡೆಯದ ಸಂಸ್ಥೆಯನ್ನೇ ಹೊಣೆ ಮಾಡುವ ಕಾನೂನು 2017ರಲ್ಲಿ ಜಾರಿಗೆ ಬಂತು. ನೂರಕ್ಕೂ ಹೆಚ್ಚು ದೇಶ ಮತ್ತು ಪ್ರದೇಶಗಳು ಬ್ಯಾಂಕ್ ಖಾತೆಗಳ ವಿವರವನ್ನು ತಾವಾಗಿ ಹಂಚಿಕೊಳ್ಳುತ್ತಿವೆ. ಇದಕ್ಕೆಲ್ಲ ಸಮಿತಿಯೊಂದೇ ಕಾರಣ ಅನ್ನುವುದು ಅತಿಯಾದೀತು. 2017ರ ಕಾನೂನಿನಡಿ ಒಂದು ಕಂಪನಿಯ ಮೇಲೆ ಮೊದಲ ಆರೋಪ ದಾಖಲಾಗಲು 2025 ಬರಬೇಕಾಯಿತು ಎಂಬುದೂ ಅಷ್ಟೇ ನಿಜ.

ಈಗಿನ ಸ್ಥಿತಿ ಏನು ಎಂದೂ ಕೇಳಿದ್ದೀರಿ. 2024ರ ಮಾರ್ಚಿನಲ್ಲಿ ಇಲಾಖೆ ಸ್ವಯಂ ಘೋಷಣೆಯ ಸಹಾಯವಾಣಿಯನ್ನು ವರ್ಷದಲ್ಲಿ ಆರು ತಿಂಗಳು ಮುಚ್ಚುತ್ತೇವೆ ಎಂದು ಸಾರಿ, ಮರುದಿನವೇ ಹಿಂದಕ್ಕೆ ಸರಿಯಿತು. 2023-24ರ ಮೊದಲ ಹನ್ನೊಂದು ತಿಂಗಳಲ್ಲಿ 70 ನಿಮಿಷ ಕಾದ ಸುಮಾರು 44,000 ಮಂದಿಯ ಕರೆಯನ್ನು ಉತ್ತರ ಕೊಡದೆ ಕತ್ತರಿಸಲಾಗಿತ್ತು. ಜನರನ್ನು ಆನ್‌ಲೈನಿಗೆ ನೂಕಲು ಬೇಕೆಂದೇ ಸೇವೆ ಕೆಡಿಸಿದ್ದೀರಾ ಎಂದು ಸಮಿತಿ ಕೇಳಿದಾಗ ಇಲಾಖೆ ಇಲ್ಲ ಎಂದಿತು. ಅದೇ ಸಮಿತಿ 2025ರಲ್ಲಿ ಶ್ರೀಮಂತರ ತೆರಿಗೆಯ ಕಡೆ ತಿರುಗಿ, ದೇಶದಲ್ಲಿ ತೆರಿಗೆ ಕಟ್ಟುವ ಶತಕೋಟ್ಯಧೀಶರು ಎಷ್ಟು ಮಂದಿ ಎಂದು ಕೇಳಿತು. ಇಲಾಖೆಯ ಬಳಿ ಸಂಖ್ಯೆ ಇರಲಿಲ್ಲ.

ಸಂಪಾದಕ