ಟ್ರಾಫಿಕ್ ಎಕ್ಸ್‌ಚೇಂಜ್ ಸೇರಿದರೆ ತೊಡದೇವಿಗೆ ಗಿರಾಕಿ ಸಿಗುತ್ತಾರಾ?

ನಿಮ್ಮ ಪ್ರಶ್ನೆ ಇಷ್ಟು. ಶಿರಸಿ ಹತ್ತಿರದ ಹಳ್ಳಿಯಲ್ಲಿ ಮನೆಮಂದಿ ಸೇರಿ ತೊಡದೇವು (ಕಬ್ಬಿನ ಹಾಲಿನಲ್ಲಿ ಮಾಡುವ ತೆಳ್ಳನೆಯ ಸಿಹಿತಿಂಡಿ), ಹಲಸಿನ ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ ಮಾಡುತ್ತೀರಿ. ಮಾರೋಕೆ ವೆಬ್‌ಸೈಟ್ ಮಾಡಿಸಿದ್ದೀರಿ, ಆದರೆ ನೋಡುವವರೇ ಇಲ್ಲ. ಸದಸ್ಯರು ಒಬ್ಬರ ವೆಬ್‌ಸೈಟ್ ಇನ್ನೊಬ್ಬರು ನೋಡುವ ಟ್ರಾಫಿಕ್ ಎಕ್ಸ್‌ಚೇಂಜ್ ಸೇರಿದರೆ ಪುಕ್ಕಟೆಯಾಗಿ ಸಾವಿರಾರು ಜನ ಬರುತ್ತಾರೆ ಅಂತ ಗೆಳೆಯರೊಬ್ಬರು ಹೇಳಿದ್ದಾರೆ. ಸೇರಬಹುದಾ?

ಬೇಡ. ಜನ ಬರುವುದು ನಿಜ, ಆದರೆ ಬರುವವರು ನಿಮ್ಮ ಗಿರಾಕಿಗಳಲ್ಲ. ನಾನು ಶಿರಸಿಯಲ್ಲಿದ್ದುಕೊಂಡು ಇಲ್ಲಿಯ ಮತ್ತು ಕುಮಟಾ, ಕಾರವಾರ ಕಡೆಯ ಸಣ್ಣ ಅಂಗಡಿ, ಹೋಮ್‌ಸ್ಟೇಗಳ ವೆಬ್‌ಸೈಟ್ ನೋಡಿಕೊಳ್ಳುತ್ತೇನೆ. ಈ ಪ್ರಶ್ನೆ ನನಗೆ ಮತ್ತೆ ಮತ್ತೆ ಬರುತ್ತದೆ. ಅದಕ್ಕೇ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಟ್ರಾಫಿಕ್ ಎಕ್ಸ್‌ಚೇಂಜ್ ನಡೆಯುವ ರೀತಿ ಹೀಗೆ. ನೀವು ಸದಸ್ಯರಾಗಿ ನಿಮ್ಮ ವೆಬ್‌ಸೈಟ್ ವಿಳಾಸ ಕೊಡುತ್ತೀರಿ. ಆಮೇಲೆ ಬೇರೆ ಸದಸ್ಯರ ವೆಬ್‌ಸೈಟ್‌ಗಳನ್ನು ಒಂದೊಂದಾಗಿ ನೋಡುತ್ತಾ ಹೋಗಬೇಕು. ಪರದೆಯ ಮೇಲ್ಭಾಗದಲ್ಲಿ ಒಂದು ಪಟ್ಟಿ, ಅದರಲ್ಲಿ ಹಿಂದೆ ಹಿಂದೆ ಎಣಿಸುವ ಗಡಿಯಾರ. ಕೆಳಗೆ ಯಾರದ್ದೋ ಪುಟ. ಹತ್ತು ಹದಿನೈದು ಸೆಕೆಂಡು ಮುಗಿದ ಮೇಲೆ ಕೆಲವು ಸಣ್ಣ ಚಿತ್ರಗಳು ಬರುತ್ತವೆ. ಅವುಗಳಲ್ಲಿ ಸರಿಯಾದದ್ದನ್ನು ಒತ್ತಿದರೆ ನಿಮ್ಮ ಖಾತೆಗೆ ಕ್ರೆಡಿಟ್ ಬಿತ್ತು, ಮುಂದಿನ ಪುಟ ಬಂತು. ಆ ಕ್ರೆಡಿಟ್ ಖರ್ಚಾದಂತೆ ಬೇರೆಯವರ ಪರದೆಯಲ್ಲಿ ನಿಮ್ಮ ಪುಟ ತೆರೆಯುತ್ತದೆ. ಇದು ಕೈಯಿಂದ ಮಾಡುವ ಬಗೆ. ಆಟೋಸರ್ಫ್ ಅಂತ ಇನ್ನೊಂದಿದೆ. ಅದರಲ್ಲಿ ಪುಟಗಳು ತಾವಾಗಿಯೇ ಬದಲಾಗುತ್ತಾ ಹೋಗುತ್ತವೆ, ಕಂಪ್ಯೂಟರ್ ಮುಂದೆ ಮನುಷ್ಯ ಇರಲೇಬೇಕು ಅಂತಿಲ್ಲ.

ಈಗ ನೀವೇ ಆ ಕುರ್ಚಿಯಲ್ಲಿ ಕೂತಿದ್ದೀರಿ ಅಂದುಕೊಳ್ಳಿ. ಕಣ್ಣು ಎಲ್ಲಿರುತ್ತದೆ? ಗಡಿಯಾರದ ಮೇಲೆ. ಕೆಳಗಿನ ಪುಟದಲ್ಲಿ ಏನಿದ್ದರೂ ನಿಮಗೆ ಬೇಕಾಗಿಲ್ಲ. ನಿಮ್ಮ ಪುಟ ತೆರೆದವರದ್ದೂ ಅದೇ ಕಥೆ. ಅವರೂ ತಮ್ಮ ವೆಬ್‌ಸೈಟ್‌ಗೆ ಜನ ಬರಲಿ ಅಂತ ಕೂತವರು. ತೊಡದೇವು ಅಂದರೆ ಏನೆಂದು ಅವರಿಗೆ ಗೊತ್ತಿಲ್ಲ. ಬೇಕು ಅಂದರೂ ಅವರಿರುವ ದೇಶಕ್ಕೆ ನೀವು ಕಳಿಸಲಾರಿರಿ.

ಪುಕ್ಕಟೆ ಅನ್ನುವ ಮಾತನ್ನೂ ಲೆಕ್ಕ ಹಾಕಿ ನೋಡೋಣ. ಎರಡು ಪುಟ ನೋಡಿದರೆ ಒಂದು ಭೇಟಿ ಕೊಡುವ ಕಡೆ ಸೇರಿದಿರಿ ಅಂತಿಟ್ಟುಕೊಳ್ಳಿ. ಸಾವಿರ ಭೇಟಿ ಬೇಕಾದರೆ 2,000 ಪುಟ ನೋಡಬೇಕು. ಪುಟಕ್ಕೆ 10 ಸೆಕೆಂಡು ಅಂದರೂ 20,000 ಸೆಕೆಂಡು, ಅಂದರೆ ಐದೂವರೆ ಗಂಟೆ. ಅದೂ ಪುಟ ತೆರೆಯಲು ಹಿಡಿಯುವ ಹೊತ್ತು ಬಿಟ್ಟು. ಹಳ್ಳಿಯ ನೆಟ್‌ವರ್ಕ್ ನಿಮಗೇ ಗೊತ್ತು, ಮಳೆಗಾಲದಲ್ಲಂತೂ ಕೇಳಲೇ ಬೇಡಿ. ಐದೂವರೆ ಗಂಟೆಯಲ್ಲಿ ನಿಮ್ಮ ಮನೆಯಲ್ಲಿ ಎಷ್ಟು ಹಪ್ಪಳ ಒತ್ತಬಹುದು ಅಂತ ಯೋಚಿಸಿ.

ಗೋಕರ್ಣದ ಕಡೆಯ ಹೋಮ್‌ಸ್ಟೇ ಒಂದರವರು ನನ್ನ ಹತ್ತಿರ ಬರುವ ಮೊದಲು ಇದನ್ನು ಮಾಡಿದ್ದರು. ವೆಬ್‌ಸೈಟ್‌ಗೆ ಯಾರು, ಎಲ್ಲಿಂದ ಬಂದರು ಅಂತ ಲೆಕ್ಕ ಇಡುವ ಅವರ ಗೂಗಲ್ ಅನಲಿಟಿಕ್ಸ್ ತೆರೆದು ನೋಡಿದೆ. ಕ್ರೆಡಿಟ್ ಖರ್ಚಾದ ದಿನಗಳಲ್ಲಿ ಗೆರೆ ಗುಡ್ಡದ ಹಾಗೆ ಎದ್ದಿತ್ತು, ಮುಗಿದ ಮರುದಿನ ನೆಲಕ್ಕೆ ಬಿದ್ದಿತ್ತು. ದೇಶಗಳ ಪಟ್ಟಿಯಲ್ಲಿ ಭಾರತ ತುಂಬಾ ಕೆಳಗೆ. ಎಕ್ಸ್‌ಚೇಂಜ್‌ನಿಂದ ಬಂದವರೆಲ್ಲ ಒಂದೇ ಪುಟ ನೋಡಿ ಹೋದವರು. ರೂಮಿನ ಫೋಟೋ ಪುಟಕ್ಕೆ ಯಾರೂ ಹೋಗಿಲ್ಲ, ವಾಟ್ಸಾಪ್ ಗುಂಡಿ ಯಾರೂ ಒತ್ತಿಲ್ಲ. ಇದಕ್ಕಿಂತ ಬೇಸರದ ಸಂಗತಿ ಇನ್ನೊಂದಿತ್ತು. ಅದೇ ದಿನಗಳಲ್ಲಿ ಬೆಂಗಳೂರು, ಹುಬ್ಬಳ್ಳಿಯಿಂದ ಕೆಲವರು ಗೂಗಲ್‌ನಲ್ಲಿ ಹುಡುಕಿಕೊಂಡು ಬಂದು ದರದ ಪುಟ ನೋಡಿದ್ದರು. ಆ ಗದ್ದಲದಲ್ಲಿ ಅವರು ಮಾಲೀಕರ ಕಣ್ಣಿಗೇ ಬಿದ್ದಿರಲಿಲ್ಲ. ನನಗೆ ಎಲ್ಲಕ್ಕಿಂತ ದೊಡ್ಡ ನಷ್ಟ ಅನಿಸುವುದು ಇದೇ. ಗೂಗಲ್ ಅನಲಿಟಿಕ್ಸ್‌ನ ಈಗಿನ ಲೆಕ್ಕದಲ್ಲಿ 10 ಸೆಕೆಂಡಿಗಿಂತ ಜಾಸ್ತಿ ಇದ್ದ ಭೇಟಿಯನ್ನು ಆಸಕ್ತಿಯಿಂದ ನೋಡಿದ ಭೇಟಿ ಅಂತ ಪರಿಗಣಿಸುತ್ತಾರೆ. ಹದಿನೈದು ಸೆಕೆಂಡಿನ ಗಡಿಯಾರ ಇಟ್ಟ ಎಕ್ಸ್‌ಚೇಂಜ್‌ನಿಂದ ಬಂದವರು ಆ ಲೆಕ್ಕಕ್ಕೂ ಸೇರಿಬಿಡಬಹುದು. ಆಮೇಲೆ ಯಾವ ಪುಟ ಜನಕ್ಕೆ ಇಷ್ಟವಾಯಿತು ಅಂತ ನಿಮಗೆ ತಿಳಿಯುವುದೇ ಇಲ್ಲ.

ಜನ ಜಾಸ್ತಿ ಬಂದರೆ ಗೂಗಲ್‌ನಲ್ಲಿ ಮೇಲೆ ಬರುತ್ತೇವೆ ಅಂತಲೂ ಕೆಲವರು ಹೇಳುತ್ತಾರೆ. ಆಗುವುದಿಲ್ಲ. ಅನಲಿಟಿಕ್ಸ್‌ನ ಅಂಕಿಗಳನ್ನು ಹುಡುಕಾಟದ ಸ್ಥಾನ ನಿರ್ಧರಿಸಲು ಬಳಸುವುದಿಲ್ಲ ಅಂತ ಗೂಗಲ್‌ನವರೇ ಹೇಳಿದ್ದಾರೆ. ಎಕ್ಸ್‌ಚೇಂಜ್‌ನಲ್ಲಿ ನಿಮ್ಮ ಪುಟ ತಿರುಗುವುದು ಒಂದು ಚೌಕಟ್ಟಿನೊಳಗೆ ಮಾತ್ರ. ಅದರಿಂದ ಗೂಗಲ್ ಲೆಕ್ಕಕ್ಕೆ ತೆಗೆದುಕೊಳ್ಳುವಂಥ ಲಿಂಕ್ ಕೂಡ ನಿಮಗೆ ಸಿಗುವುದಿಲ್ಲ.

ನಿಮ್ಮ ವೆಬ್‌ಸೈಟ್‌ನಲ್ಲಿ ಗೂಗಲ್‌ನವರ ಆಡ್‌ಸೆನ್ಸ್ ಜಾಹೀರಾತು ಹಾಕಿದ್ದರೆ ಇನ್ನೂ ಹುಷಾರಾಗಿರಿ. ದುಡ್ಡು ಕೊಟ್ಟು ಕ್ಲಿಕ್ ಮಾಡಿಸುವುದು, ಆಟೋಸರ್ಫ್, ಕ್ಲಿಕ್ ವಿನಿಮಯ ಇವನ್ನೆಲ್ಲ ಅವರ ನಿಯಮ ಹೆಸರು ಹೇಳಿಯೇ ನಿಷೇಧಿಸಿದೆ. ಸಿಕ್ಕಿಬಿದ್ದರೆ ಖಾತೆ ಮುಚ್ಚಬಹುದು, ಬರಬೇಕಾದ ಹಣ ಜಾಹೀರಾತುದಾರರಿಗೆ ವಾಪಸ್ ಹೋಗಬಹುದು.

ದುಡ್ಡು ಕಟ್ಟಿ ಪುಟ ನೋಡಿ, ದಿನಾ ಲಾಭ ಕೊಡುತ್ತೇವೆ ಅನ್ನುವವರ ಹತ್ತಿರವಂತೂ ಹೋಗಲೇಬೇಡಿ. ಅಮೆರಿಕದಲ್ಲಿ 12ಡೈಲಿಪ್ರೊ ಅಂತ ಒಂದು ಆಟೋಸರ್ಫ್ ಇತ್ತು. ದಿನಕ್ಕೆ 12 ಪರ್ಸೆಂಟ್‌ನಂತೆ 12 ದಿನ ಕೊಡುತ್ತೇವೆ ಅಂತ ಜನರಿಂದ ಹಣ ತೆಗೆದುಕೊಂಡಿತ್ತು. ಹೊಸಬರು ಕಟ್ಟಿದ್ದನ್ನೇ ಹಳಬರಿಗೆ ಕೊಡುತ್ತಿದ್ದರು. 2006ರಲ್ಲಿ ಅಲ್ಲಿನ ಷೇರು ಮಾರುಕಟ್ಟೆ ನಿಯಂತ್ರಕರು ಅದರ ಮೇಲೆ ಕೇಸು ಹಾಕಿ ನಿಲ್ಲಿಸಿದರು. ಆ ಆಸೆ ತೋರಿಸುವವರು ಬೇರೆ ಬೇರೆ ಹೆಸರಿನಲ್ಲಿ ಈಗಲೂ ಬರುತ್ತಾರೆ, ನಮ್ಮೂರ ವಾಟ್ಸಾಪ್ ಗುಂಪುಗಳಿಗೂ ಬರುತ್ತಾರೆ.

ಹಾಗಂತ ಎಕ್ಸ್‌ಚೇಂಜ್ ಎಂಬುದೇ ಮೋಸ ಅಂತ ನಾನು ಹೇಳುವುದಿಲ್ಲ. ಅಲ್ಲಿ ಕೂತವರೆಲ್ಲ ವೆಬ್‌ಸೈಟ್ ಇರುವವರು, ಆನ್‌ಲೈನ್ ಮಾರಾಟ ಕಲಿಯುವವರು. ಅಂಥವರಿಗೇ ಬೇಕಾದ ಹೋಸ್ಟಿಂಗ್ (ವೆಬ್‌ಸೈಟ್ ಇಡುವ ಜಾಗ), ಇಮೇಲ್ ಸಾಫ್ಟ್‌ವೇರ್ ಮಾರುವವರಿಗೆ ಅಲ್ಲಿ ಒಬ್ಬಿಬ್ಬರು ಗಿರಾಕಿ ಸಿಗಬಹುದು. ಉಪ್ಪಿನಕಾಯಿ ಮಾರುವ ನಮಗೆ ಅಲ್ಲಿ ಕೆಲಸವಿಲ್ಲ.

ನಿಮ್ಮ ಗಿರಾಕಿ ಯಾರು? ಶಿರಸಿ, ಸಿದ್ದಾಪುರ, ಯಲ್ಲಾಪುರದಿಂದ ಹೋಗಿ ಬೆಂಗಳೂರು, ಪುಣೆ, ಮುಂಬೈಯಲ್ಲಿ ನೆಲೆಸಿದವರು. ಅಮ್ಮ ಮಾಡುತ್ತಿದ್ದ ತೊಡದೇವು ನೆನಪಾಗಿ ರಾತ್ರಿ ಊಟ ಮುಗಿಸಿ ಫೋನಿನಲ್ಲಿ ಹುಡುಕುವವರು. ಅವರು ಹುಡುಕಿದಾಗ ನೀವು ಸಿಗಬೇಕು, ಅಷ್ಟೇ. ಈಗ ನಿಮ್ಮ ಪುಟದಲ್ಲಿ ಇರುವುದು ಒಂದು ಫೋಟೋ, ಒಂದು ಬೆಲೆ. ಅದನ್ನು ನೋಡಿ ಗೂಗಲ್‌ಗೂ ಏನೂ ತಿಳಿಯುವುದಿಲ್ಲ, ಗಿರಾಕಿಗೂ ತಿಳಿಯುವುದಿಲ್ಲ.

ತೊಡದೇವಿಗೆ ಒಂದು ಇಡೀ ಪುಟ ಬರೆಯಿರಿ. ಆಲೆಮನೆ ಹೊತ್ತಿನಲ್ಲಿ ಕಬ್ಬಿನ ಹಾಲು ತರುವುದು, ಅದರಲ್ಲಿ ಅಕ್ಕಿ ಹಿಟ್ಟು ಕಲಸುವುದು, ಒಲೆಯ ಮೇಲೆ ಮಡಕೆ ಬೋರಲು ಹಾಕುವುದು, ಬಟ್ಟೆ ಅದ್ದಿ ಒಂದೇ ಕೈಯಲ್ಲಿ ಎಳೆಯುವುದು, ಕಾಗದದಷ್ಟು ತೆಳ್ಳಗೆ ಎದ್ದು ಬಂದದ್ದನ್ನು ಹರಿಯದ ಹಾಗೆ ಮಡಚುವುದು. ಆ ಬಟ್ಟೆ ಎಳೆಯುವ ಕೈಯನ್ನೇ ಹತ್ತಿರದಿಂದ ಅರ್ಧ ನಿಮಿಷ ವಿಡಿಯೋ ಮಾಡಿ ಹಾಕಿ. ಎಷ್ಟು ದಿನ ಇಟ್ಟರೆ ಕೆಡುವುದಿಲ್ಲ, ಕೊರಿಯರ್‌ನಲ್ಲಿ ಪುಡಿಯಾಗದ ಹಾಗೆ ಹೇಗೆ ಕಟ್ಟುತ್ತೀರಿ, ಬೆಂಗಳೂರಿಗೆ ಯಾವಾಗ ಮುಟ್ಟುತ್ತದೆ, ಇದನ್ನೂ ಬರೆಯಿರಿ. ಫೋನ್ ಮಾಡಿದವರು ಕೇಳುವುದು ಇದನ್ನೇ ಅಲ್ವಾ? ಹೆಸರನ್ನು ಕನ್ನಡದಲ್ಲೂ ಇಂಗ್ಲಿಷ್‌ನಲ್ಲೂ ಬರೆಯಿರಿ. ಇಂಗ್ಲಿಷ್‌ನಲ್ಲಿ ಜನ ಬೇರೆ ಬೇರೆ ಥರ ಟೈಪ್ ಮಾಡುತ್ತಾರೆ, ಒಂದೆರಡು ಥರ ಪುಟದಲ್ಲಿ ಸಹಜವಾಗಿ ಬರಲಿ. ನಿಮ್ಮ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆ ಪ್ರಾಧಿಕಾರ) ನಂಬರ್ ಕಾಣುವ ಹಾಗಿರಲಿ, ಅದನ್ನು ನೋಡಿ ಧೈರ್ಯ ಮಾಡುವವರಿದ್ದಾರೆ.

ಆಮೇಲೆ ಗೂಗಲ್ ಸರ್ಚ್ ಕನ್ಸೋಲ್‌ಗೆ ವೆಬ್‌ಸೈಟ್ ಸೇರಿಸಿ. ದುಡ್ಡು ಕೊಡಬೇಕಾಗಿಲ್ಲ. ಜನ ಯಾವ ಶಬ್ದ ಟೈಪ್ ಮಾಡಿದಾಗ ನಿಮ್ಮ ಪುಟ ಕಾಣಿಸಿತು ಅಂತ ಅದು ತೋರಿಸುತ್ತದೆ. ಕೆಲವು ವಾರ ಏನೂ ಕಾಣದಿದ್ದರೆ ಗಾಬರಿಯಾಗಬೇಡಿ. ಪಟ್ಟಿಯಲ್ಲಿ ನೀವು ಯೋಚಿಸದ ಪ್ರಶ್ನೆ ಬಂದರೆ ಅದಕ್ಕೆ ಉತ್ತರವನ್ನು ಪುಟದಲ್ಲಿ ಸೇರಿಸಿ.

ಗೂಗಲ್ ಮ್ಯಾಪ್‌ನಲ್ಲಿ ನಿಮ್ಮ ಮನೆ ಕಾಣುವ ಹಾಗೆ ಮಾಡುವ ಗೂಗಲ್ ಬಿಸಿನೆಸ್ ಪ್ರೊಫೈಲ್ ಕೂಡ ಪುಕ್ಕಟೆ. ಮನೆಗೇ ಬಂದು ಒಯ್ಯುವವರಿದ್ದರೆ ಅದನ್ನು ಇವತ್ತೇ ಮಾಡಿ. ಯಾಣ, ಸಹಸ್ರಲಿಂಗ ನೋಡಲು ಬಂದವರು ವಾಪಸ್ ಹೋಗುವಾಗ ಇಂಥದ್ದನ್ನು ಮ್ಯಾಪ್‌ನಲ್ಲಿ ಹುಡುಕುತ್ತಾರೆ.

ಪ್ರತಿ ಪೊಟ್ಟಣದ ಮೇಲೆ ನಿಮ್ಮ ವಾಟ್ಸಾಪ್‌ಗೆ ಹೋಗುವ ಕ್ಯೂಆರ್ ಕೋಡ್ ಅಂಟಿಸಿ. ಒಮ್ಮೆ ತಿಂದವರೇ ಮತ್ತೆ ಕೇಳುವವರು. ಶಿರಸಿ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ, ಊರು ಬಿಟ್ಟವರೂ ಆಗ ಬರುತ್ತಾರೆ. ಆಗ ಇಂಥದ್ದೇ ಕೋಡ್ ಇರುವ ಸಣ್ಣ ಕಾರ್ಡ್ ಹಂಚಿ. ಜಾತ್ರೆಯ ಕಾರ್ಡ್‌ಗೆ ಬೇರೆ ಕೋಡ್, ಪೊಟ್ಟಣಕ್ಕೆ ಬೇರೆ ಕೋಡ್ ಇಟ್ಟು, ತೆರೆದಾಗ ಬರುವ ಮೊದಲ ಸಂದೇಶದಲ್ಲಿ ಒಂದು ಶಬ್ದ ಬೇರೆ ಮಾಡಿದರೆ ಸಾಕು. ಯಾರು ಎಲ್ಲಿಂದ ಬಂದರು ಅಂತ ಗೊತ್ತಾಗುತ್ತದೆ.

ಹೀಗೆ ಮಾಡಿದರೆ ದಿನಕ್ಕೆ ಸಾವಿರ ಜನ ಬರುವುದಿಲ್ಲ. ಹತ್ತು ಜನ ಬರಬಹುದು, ಅವರಲ್ಲಿ ಒಬ್ಬರು ಎರಡು ಪೊಟ್ಟಣ ಕೇಳಬಹುದು. ನಿಮ್ಮ ಮನೆಯಲ್ಲಿ ದಿನಕ್ಕೆ ಮಾಡಲಾಗುವುದು ಎಷ್ಟು ಅಂತ ನೋಡಿಕೊಂಡರೆ ನಿಮಗೆ ಬೇಕಾದದ್ದೂ ಅಷ್ಟೇ. ತೊಡದೇವಿನ ಪುಟ ಬರೆದಾದ ಮೇಲೆ ಇಲ್ಲೇ ಉತ್ತರದ ಕೆಳಗೆ ಹಾಕಿ. ಓದಿ, ಏನು ಬಿಟ್ಟುಹೋಗಿದೆ ಅಂತ ಹೇಳುತ್ತೇನೆ.